ಬಲಗಂಬದ ಮಂಗಳಾರತಿ

ಗುರುಪಾದಯ್ಯ ಬಾವಿಯಿಂದ ಅಭಿಷೇಕದ ಕೊಡ ಹೊತ್ತು ಬಂದಾಗ ಗುಡಿಯ ಕಟ್ಟೆಯ ಮೇಲೆ ಉರುಕುಂದಪ್ಪ ಕೂತಿದ್ದ. ಹೊದ್ದ ಕಂಬಳಿಯೊಳಗೆ ಕೊಡಲಿಯ ಕಾವು ಎದ್ದು ಕಾಣುತ್ತಿತ್ತು.

"ಏಮಯ್ಯಾ ಅಯ್ಯನೋರ, ಇವತ್ತು ಆರತಿ ತಟ್ಟಿ ಮೊದಲ ಯಾರ ಕಡಿಗೆ ಬರತೈತಿ?"

"ಪೂಜಿ ಆಗ್ಲಿ, ಗೌಡ."

"ಗೌಡ ಅಂದಿ. ಬಾಯಿ ಸರಿ ಐತಿ. ಕೈನೂ ಹಂಗ ನಡೀಲಿ. ಇಲ್ಲಾಂದ್ರ ನಾಳಿಂದ ನಿನಗ ಗಂಟಿ ಬಾರ್ಸೋ ಕೈ ಒಂದ ಉಳೀತೈತಿ."

ಮದ್ದಿಕೇರದ ದಾರಿಯ ಆ ಹಳ್ಳಿಯಲ್ಲಿ, 1939ರಲ್ಲೂ, ಈಶ್ವರನ ಗುಡಿಯ ಕ್ರಮ ಬದಲಾಗಿರಲಿಲ್ಲ. ಅಭಿಷೇಕ, ವಿಭೂತಿ, ಪತ್ರೆ, ನೈವೇದ್ಯ ಮುಗಿದ ಮೇಲೆ ಮಂಗಳಾರತಿ ತಟ್ಟೆ ಮೊದಲು ಹೋಗುತ್ತಿದ್ದದ್ದು ಬಲಗಡೆಯ ಕಂಬಕ್ಕೊರಗಿ ನಿಂತ ಗೌಡನಿಗೆ. ಆಮೇಲೆ ಊರಿಗೆ. ಗೌಡ ಭೀಮಲಿಂಗಪ್ಪ ಸತ್ತು, ದಿನಕರ್ಮ ಮುಗಿದದ್ದು ನಿನ್ನೆ. ಸರ್ಕಾರ ಯಾರನ್ನು ಒಪ್ಪಿದರೂ ಊರಿಗೆ ಮಾತ್ರ ಇವತ್ತು ಮೊದಲ ಆರತಿ ಪಡೆದವನೇ ಗೌಡ. ಉರುಕುಂದಪ್ಪ ಸತ್ತವನ ತಮ್ಮ. ಭೀಮಲಿಂಗಪ್ಪನ ಮಗ ಪಕೀರಪ್ಪನಿಗೆ ಮೀಸೆ ಇನ್ನೂ ತುಂಬಿರಲಿಲ್ಲ.

ಲಿಂಗದ ಮೇಲೆ ನೀರು ಬಿಡುತ್ತಾ ಗುರುಪಾದಯ್ಯ ತನ್ನ ಬಲಗೈಯನ್ನೇ ನೋಡಿದ. ಅದನ್ನು ಉಳಿಸಿಕೊಳ್ಳಲು ಒಂದು ಉಪಾಯ ಹೊಳೆಯಿತು.

ಹೊರಗೆ ಮಂಟಪದಲ್ಲಿ ಕಂಬದ ಆಚೆಗೊಬ್ಬ, ಈಚೆಗೊಬ್ಬ ನಿಂತಿದ್ದರು.

"ಚಿಗಪ್ಪ, ಸರೀರಿ. ಅದು ನಮ್ಮಪ್ಪನ ಜಾಗ," ಎಂದ ಪಕೀರಪ್ಪ.

"ನಿಮ್ಮಪ್ಪಗ ಹೊಲದಾಗ ಆರಡಿ ಜಾಗ ಕೊಟ್ಟೀವಲ್ಲೋ. ಹೋಗಿ ಅಲ್ಲಿ ನಿಲ್ಲು."

ಹಿಂದಿನವರಲ್ಲಿ ಯಾರೋ ಕಿಸಕ್ಕೆಂದರು. ಗಂಟೆ ನಿಂತಿತು. ಗುರುಪಾದಯ್ಯ ಉರಿಯುವ ತಟ್ಟೆ ಹಿಡಿದು ಹೊಸ್ತಿಲು ದಾಟಿದ. ಎರಡು ಕಡೆಯಿಂದಲೂ ಕೈಗಳು ಚಾಚಿಕೊಂಡವು. ಅವನು ನಡುವೆ ನುಸುಳಿ, ಕಲ್ಲಿನ ಬಸವಣ್ಣನ ಬೆನ್ನ ಮೇಲೆ ತಟ್ಟೆ ಇಟ್ಟು ಹಿಂದೆ ಸರಿದ.

"ಮೊದಲನೇದು ಬಸವಣ್ಣ ತಗೊಂಡಾನ. ಇನ್ನ ಎಲ್ಲಾರೂ ಅವನ ಹಿಂದಿನವ್ರ. ನೀವ ತಗೋರಿ."

"ಭಲೆ ಅಯ್ಯ," ಎಂದಿತು ಒಂದು ದನಿ. ಗುರುಪಾದಯ್ಯನಿಗೆ ಉಸಿರು ಬಂತು.

ಪಕೀರಪ್ಪ ಹುಡುಗ, ಕಾಲು ಚುರುಕು. ನೆಗೆದು ಉರಿಯ ಮೇಲೆ ಅಂಗೈ ಹಿಡಿದ. ಉರುಕುಂದಪ್ಪನ ಕಂಬಳಿ ಜಾರಿತು. ಮೊದಲ ಏಟು ಹೆಗಲಿಗೆ, ಇನ್ನೊಂದು ಕುತ್ತಿಗೆಗೆ. ತಟ್ಟೆ ಉರುಳಿ ಕರ್ಪೂರ ರಕ್ತದಲ್ಲಿ ಚುರ್ರೆಂದು ಆರಿತು. ಹುಡುಗ ಬಸವಣ್ಣನ ಕಿವಿ ಹಿಡಿದು ನಿಲ್ಲಲು ನೋಡಿದ. ಬೆರಳು ಜಾರಿದವು. ಜನ ಒಬ್ಬರನ್ನೊಬ್ಬರು ತುಳಿದು ಹೊರಬಾಗಿಲಿಗೆ ನುಗ್ಗಿದರು.

ಉರುಕುಂದಪ್ಪ ಏದುಸಿರು ಬಿಡುತ್ತಿದ್ದ. "ಅಂವ ಕಣ್ಣಿಗೆ ಒತ್ತಿಕೊಂಡಿಲ್ಲ. ನೋಡೀಯಲ್ಲ?"

"ನೋಡೀನಿ."

"ಹಂಗಾರ ಹೊಸಾ ಕರ್ಪೂರ ಹಚ್ಚು. ಈಗ ನಾ ಒಬ್ಬನ ಅದೀನಿ."

ಪಕೀರಪ್ಪನ ಅಂಗೈ ಮೇಲ್ಮುಖವಾಗಿ ಬಿಚ್ಚಿಕೊಂಡೇ ಇತ್ತು, ನಡುವೆ ಮಸಿಯ ಗುರುತು. ನೀವ ತಗೋರಿ ಎಂದು ಅದನ್ನು ಕರೆದವನು ತಾನೇ. ಗುರುಪಾದಯ್ಯ ಕರ್ಪೂರ ಮುಟ್ಟಲಿಲ್ಲ. ಗರ್ಭಗುಡಿಯ ಬಾಗಿಲು ಎಳೆದು ಚಿಲಕ ಹಾಕಿದ.

"ರಕ್ತ ಬಿತ್ತು. ಗುಡಿ ಶುದ್ಧಿ ಆಗೋ ತನಕ ಪೂಜಿ ಇಲ್ಲ."

"ನನಗ ಐತಿ. ತಗಿ ಬಾಗಲ."

"ಮೊದಲ ಆರತಿ ಬೇಕಂತಿ. ಎರಡನೇದು ಯಾರು ತಗೋತಾರ, ತಿರುಗಿ ನೋಡು."

ಉರುಕುಂದಪ್ಪ ತಿರುಗಿ ನೋಡಿದ. ಕಳಚಿಬಿದ್ದ ರುಮಾಲು, ಒಡೆದ ತೆಂಗಿನಕಾಯಿ. ಮಂಟಪದಲ್ಲಿ ಒಬ್ಬರೂ ಇರಲಿಲ್ಲ. ಅಷ್ಟರಲ್ಲಿ ಗುರುಪಾದಯ್ಯ ಬೀಗ ತಿರುಗಿಸಿ ಚಾವಿ ಎಳೆದುಕೊಂಡ. ಕೊಡಲಿ ಎದ್ದದ್ದು ಕಂಡಿತು. ಅವನು ಚಾವಿ ಹಿಡಿದ ಬಲಗೈಯನ್ನು ಬೀಗದ ಮೇಲಿಂದ ತೆಗೆಯಲಿಲ್ಲ.

ಕೊಡಲಿ ಮಣಿಕಟ್ಟು ಕಡಿದು ಬಾಗಿಲಿನ ಮರದಲ್ಲಿ ಕಚ್ಚಿಕೊಂಡಿತು. ಅದನ್ನು ಕೀಳಲು ಉರುಕುಂದಪ್ಪ ಬಾಗಿಲಿಗೆ ಕಾಲು ಕೊಟ್ಟು ಜಗ್ಗುತ್ತಿದ್ದ. ಗುರುಪಾದಯ್ಯ ಹೊಸ್ತಿಲ ಮೇಲೆ ಕುಸಿದು ಕೂತು, ಕೆಳಗೆ ಬಿದ್ದ ಕೈಯ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿ ಚಾವಿ ತೆಗೆದುಕೊಂಡ.