ಕೇಳಿದವರ ಕಾಲಂ

ಪದ್ಮನಾಭಯ್ಯನವರು ಮೂವತ್ತೊಂದು ವರ್ಷ ಊದುಬತ್ತಿಯ ಹಿಟ್ಟು ಕಲಸಿದರು. ಅದರಲ್ಲಿ ಏನು ಹಾಕುತ್ತೇನೆ ಎಂದು ಒಂದು ದಿನವೂ ಮನೆಯಲ್ಲಿ ಬಾಯಿ ಬಿಡಲಿಲ್ಲ. ಅವರು ಹೋಗಿ ಹದಿನಾಲ್ಕು ವರ್ಷದ ಮೇಲೆ, ದಿನದಿನದ ಹಿಟ್ಟಿನ ಲೆಕ್ಕ ಬರೆದಿಟ್ಟ ಅವರ ಪುಸ್ತಕ ಕೋರ್ಟು ಸೇರಿತು, ಅದೂ ಅರಗಿನ ಮುದ್ರೆ ಒತ್ತಿದ ಲಕೋಟೆಯೊಳಗೆ. ಸುದ್ದಿ ಕೇಳಿ ಮಗಳು ವಾಸಂತಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. ಬದುಕಿದ್ದಾಗಲೂ ಮುಚ್ಚಿಟ್ಟಿದ್ದೇ, ಸತ್ತ ಮೇಲೂ ಮುಚ್ಚಿಟ್ಟಿದ್ದೇ.

ಸುದ್ದಿ ತಂದವನು ಅಪ್ಪ ದುಡಿದ ಬತ್ತಿ ಕಂಪನಿಯ ವಕೀಲ ಪ್ರತಾಪ್. ಚೆನ್ನೈನ ಪೋರೂರಿನಲ್ಲಿದ್ದ ಅವಳ ಫ್ಲಾಟಿಗೆ ಬಂದು, ಕಾಫಿ ಕುಡಿದು, ವಿಷಯ ಬಿಡಿಸಿ ಹೇಳಿದ. ಕಂಪನಿಯ ಮ್ಯಾನೇಜರೊಬ್ಬ ಕೆಲಸ ಬಿಟ್ಟು ಹೋಗಿ ಸ್ವಂತ ಬತ್ತಿ ಶುರು ಮಾಡಿದ್ದಾನೆ, ಪರಿಮಳ ತದ್ವತ್ ಇವರದೇ. ಕೇಳಿದರೆ, ಅದ್ಯಾವ ಮಹಾ ಗುಟ್ಟು, ಫ್ಯಾಕ್ಟರಿಯ ಕಸ ಗುಡಿಸುವವಳಿಗೂ ಗೊತ್ತಿತ್ತು ಎನ್ನುತ್ತಾನಂತೆ. ಗುಟ್ಟನ್ನು ಗುಟ್ಟಾಗಿಯೇ ಕಾಪಾಡಿಕೊಂಡು ಬಂದಿದ್ದೇವೆ ಎಂದು ಈಗ ಕಂಪನಿ ತೋರಿಸಿಕೊಡಬೇಕು.

"ನೀವು ಬಂದು, ಇದು ನಮ್ಮಪ್ಪನ ಕೈಬರಹ ಅಂದ್ರೆ ಸಾಕು ಆಂಟಿ. ಅಷ್ಟೇ ವೇಲೆ, ಬೇರೆ ಕೆಲಸ ಇಲ್ಲ" ಎಂದ ಪ್ರತಾಪ್.

"ಪುಸ್ತಕ ಓದೋಕೆ ಕೊಡ್ತೀರಾ?"

"ಅದಾಗಲ್ಲ. ಜಡ್ಜು, ಎರಡೂ ಕಡೆ ವಕೀಲರು, ಅಷ್ಟು ಬಿಟ್ಟು ಯಾರೂ ನೋಡಂಗಿಲ್ಲ ಅಂತ ಆರ್ಡರ್ ಆಗಿದೆ. ನಿಮಗೆ ಕೊನೇ ಕಾಲಂ ಒಂದನ್ನ ತೋರಿಸ್ತಾರೆ. ಅದರಲ್ಲಿ ಗುಟ್ಟೇನೂ ಇಲ್ಲ."

ವಾಸಂತಿ ಒಪ್ಪಿಕೊಂಡಳು. ಕಂಪನಿ ಗೆದ್ದರೆ ಅವಳಿಗೇನು, ಸೋತರೆ ಅವಳಿಗೇನು. ಆ ಮನುಷ್ಯನ ತಲೆಯಲ್ಲಿ ಹಿಟ್ಟು ಬಿಟ್ಟು ಮನೆಯವರು ಯಾರಾದರೂ ಇದ್ದರೇ ಎಂದು ಅವಳು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಅರವತ್ತೆರಡು ವರ್ಷದವಳಿಗೆ ಇದೆಂಥ ಹುಚ್ಚು ಎಂದರೆ ಎನ್ನಿ. ಅಪ್ಪನ ವಿಷಯದಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ.

ಅವಳು ಚಿಕ್ಕವಳಿದ್ದಾಗ ಅವರ ಮನೆ ನುಂಗಂಬಾಕ್ಕಂನ ಒಂದು ಗಲ್ಲಿಯಲ್ಲಿ. ಮೈಸೂರಿನಿಂದ ಮದರಾಸಿಗೆ ಬಂದು ಬತ್ತಿ ಫ್ಯಾಕ್ಟರಿ ಹಾಕಿದ ಯಜಮಾನರು ಪದ್ಮನಾಭಯ್ಯನವರನ್ನು ತಮ್ಮ ಜೊತೆಗೇ ಕರೆತಂದಿದ್ದರು. ಸಂಜೆ ಆರೂವರೆಗೆ ಗಲ್ಲಿಯ ತಿರುವಿನಲ್ಲಿ ಮೊದಲು ಅಪ್ಪನ ವಾಸನೆ ಬರುತ್ತಿತ್ತು, ಹಿಂದೆಯೇ ಅಪ್ಪ. ಎದುರುಮನೆಯ ತಮಿಳು ಅಜ್ಜಿ, ಎಲ್ಲರ ಪಾಟಿ, ಆ ಪರಿಮಳಕ್ಕೆ ಕೂತಲ್ಲೇ ಕೈಮುಗಿಯುತ್ತಿದ್ದಳು. ದೇವರಿಗೋ ಅಪ್ಪನಿಗೋ ಎಂದು ವಾಸಂತಿಗೆ ಅನುಮಾನ. ಮೆಟ್ಟಿಲ ಮೇಲೆ ಕಾದು ಕೂತವಳು ಎದ್ದು ಅವರ ಕೈಚೀಲ ಇಸಿದುಕೊಂಡು ಕೇಳುತ್ತಿದ್ದಳು:

"ಅಪ್ಪಾ, ಇವತ್ತು ಏನೇನ್ ಹಾಕಿದ್ರಿ?"

"ಹಾಕೋದು ಹಾಕ್ದೆ ಕಣಮ್ಮ."

ದಿನವೂ ಅದೇ ಪ್ರಶ್ನೆ, ಅದೇ ಉತ್ತರ. "ನಿಮ್ಮಪ್ಪನ ಬಾಯಿಂದ ಮಾತು ತೆಗೆಯೋದೂ ಒಂದೇ, ಕಲ್ಲಿಂದ ನಾರು ತೆಗೆಯೋದೂ ಒಂದೇ" ಎಂದು ಅಮ್ಮ ಸಾಕಮ್ಮ ಒಳಗಿಂದ ನಗುವಳು. ಅಪ್ಪನೂ ನಗುವರು, ಹಿತ್ತಿಲ ನಲ್ಲಿಯಡಿ ಕೈಕಾಲು ತೊಳೆಯಲು ಹೋಗುವರು. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಎಂಥ ಒಳ್ಳೆಯ ಸಂಜೆಗಳು ಅವು!

ಎಂಟನೇ ಕ್ಲಾಸಿನಲ್ಲಿ ಟೀಚರು 'ನನ್ನ ತಂದೆಯ ಕೆಲಸ' ಎಂದು ಪ್ರಬಂಧ ಬರೆಸಿದರು. ಉಳಿದ ಹುಡುಗಿಯರು ರೈಲು, ಬ್ಯಾಂಕು ಎಂದು ಪುಟ ತುಂಬಿಸಿದರೆ ವಾಸಂತಿ ಬರೆದದ್ದು ಒಂದು ಸಾಲು: ನನ್ನ ತಂದೆ ಕಲಸುತ್ತಾರೆ. ಟೀಚರು ಅದನ್ನು ಗಟ್ಟಿಯಾಗಿ ಓದಿದರು, ಕ್ಲಾಸಿಗೆ ಕ್ಲಾಸೇ ನಕ್ಕಿತು. ಆ ಸಂಜೆ ಅವಳು ಮೆಟ್ಟಿಲಿಗೆ ಹೋಗಲಿಲ್ಲ. ಅಪ್ಪ ಬಂದರು, ಕೈಚೀಲ ತಾವೇ ಮೊಳೆಗೆ ತೂಗುಹಾಕಿದರು, ಊಟ ಮಾಡಿ ಮಲಗಿದರು. ಯಾಕೆ ಪುಟ್ಟ ಎಂದು ಒಂದು ಮಾತು ಕೇಳಲಿಲ್ಲ. ಅವರಿಗೆ ಗೊತ್ತೇ ಆಗಲಿಲ್ಲ ಎಂದುಕೊಂಡಳು. ಅವಳೂ ಅವರ ಮಗಳೇ ತಾನೇ, ಹಟಕ್ಕೇನು ಕಮ್ಮಿ? ಮತ್ತೆಂದೂ ಕೇಳಲಿಲ್ಲ.

ಸಾಕ್ಷಿಯ ದಿನ ಪ್ಯಾರಿಸ್ ಕಾರ್ನರಿನ ಕೋರ್ಟಿನವರೆಗೆ ಮಗಳು ಗಗನಾ ಕಾರಿನಲ್ಲಿ ಬಿಟ್ಟಳು. ಗುಟ್ಟಿನ ಕೇಸಾದ್ದರಿಂದ ಸಂಬಂಧವಿಲ್ಲದವರನ್ನೆಲ್ಲ ಕೋರ್ಟ್ ಹಾಲಿನಿಂದ ಹೊರಗೆ ಕಳಿಸಿ ಬಾಗಿಲು ಹಾಕಿದರು. ಗುಮಾಸ್ತ ಅರಗು ಒಡೆದು ಲಕೋಟೆಯಿಂದ ಪುಸ್ತಕ ತೆಗೆದ.

ತೆಗೆದದ್ದೇ ತಡ, ನುಂಗಂಬಾಕ್ಕಂನ ಗಲ್ಲಿಯ ತಿರುವು ಕೋರ್ಟಿನೊಳಗೆ ಬಂತು. ಪುಟಗಳ ಮೇಲೆ ಕಂದು ಕಾಗದ ಅಂಟಿಸಿ ಕೊನೆಯ ಕಾಲಂ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಮುಚ್ಚಿದ್ದರು. ವಾಸನೆಯನ್ನು ಮುಚ್ಚುವುದು ಯಾವ ವಕೀಲನಿಂದಲೂ ಆಗಿರಲಿಲ್ಲ. ವಾಸಂತಿ ಸಾಕ್ಷಿ ಕಟ್ಟೆಯ ಕಂಬಿ ಹಿಡಿದುಕೊಂಡಳು.

ಪ್ರತಾಪ್ ಜಡ್ಜರಿಗೆ ವಿವರಿಸಿದ. ಹಿಟ್ಟಿನಲ್ಲಿ ಏನಿದೆ ಎಂದು ಆ ದಿನ ಯಾರಾದರೂ, ಮನೆಯವರೇ ಆಗಲಿ, ಕೇಳಿದರೆ ಮರುದಿನ ಬಂದು ಅವರ ಹೆಸರು ಬರೆಯಬೇಕು, ಹೇಳಿದೆಯೋ ಇಲ್ಲವೋ ಅದನ್ನೂ ಬರೆಯಬೇಕು. ಅದು ಹಳೆಯ ಯಜಮಾನರ ಕಟ್ಟಳೆ. ಈ ಕಾಲಮ್ಮಿಗೆ 'ಕೇಳಿದವರು' ಎಂದು ಹೆಸರು.

ಅಮ್ಮ ಕಲಿಸಿದ ಕನ್ನಡದಲ್ಲಿ ವಾಸಂತಿ ಓದಿದಳು. ಅಪ್ಪನ ಅಕ್ಷರವೇ, ಸಂಶಯವಿಲ್ಲ. ವಾಸಂತಿ ಕೇಳಿದಳು, ಹೇಳಲಿಲ್ಲ. ಮರುದಿನ, ವಾಸಂತಿ ಕೇಳಿದಳು, ಹೇಳಲಿಲ್ಲ. ಪುಟ ತಿರುವಿದರೂ ಅದೇ. ಐದು ವರ್ಷದ ಅವಳ ಸಂಜೆಗಳೆಲ್ಲ ತಾರೀಖಿನ ಸಮೇತ ಅಲ್ಲಿದ್ದವು.

"ಹೆತ್ತ ಮಗಳಿಗೂ ಹೇಳಿಲ್ಲ. ಗುಟ್ಟು ಕಾಪಾಡಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?" ಎಂದ ಪ್ರತಾಪ್.

ಎದುರು ವಕೀಲರು ಎದ್ದರು. ವಯಸ್ಸಾದವರು, ಚುರುಕು. ಹತ್ತಿರ ಬಂದು ಒಂದು ಪುಟದ ಮೇಲೆ ಬೆರಳಿಟ್ಟರು. "ಇಲ್ಲಿಂದ ಸಾಲು ಬೇರೆ ಥರ ಇದೆಯಲ್ಲ. ಇದೇನಮ್ಮಾ? ತಮಿಳಲ್ಲಿ ಹೇಳಿ."

ವಾಸಂತಿ ತಾರೀಖು ನೋಡಿದಳು. ಎಪ್ಪತ್ತಾರರ ಜುಲೈ. ಪ್ರಬಂಧದ ದಿನ. ಅದರ ಮುಂದೆ ಅಪ್ಪನ ಅದೇ ದುಂಡು ಅಕ್ಷರ. ಅವಳು ತಮಿಳಿನಲ್ಲಿ ಹೇಳಿದಳು, "ವಾಸಂತಿ ಇವತ್ತು ಕೇಳಲಿಲ್ಲ."

"ಮುಂದೆ?"

"ವಾಸಂತಿ ಇವತ್ತೂ ಕೇಳಲಿಲ್ಲ." ಅವಳು ಪುಟ ತಿರುವಿದಳು. "ಹೀಗೇ ಇಪ್ಪತ್ತು ದಿನ ಇದೆ ಅಯ್ಯಾ. ಆಮೇಲೆ ಖಾಲಿ."

ಜಡ್ಜರು ಕನ್ನಡಕ ತೆಗೆದರು. "ಕೇಳಿದವರ ಹೆಸರು ಬರೆಯೋ ಜಾಗ ಅಲ್ಲವೇ ಇದು? ಕೇಳದೆ ಇದ್ದದ್ದನ್ನ ಯಾಕೆ ಬರೆದರು?"

ಪ್ರತಾಪ್ ತನ್ನ ಕಾಗದಗಳನ್ನು ತಿರುವಿ ನೋಡಿದ. ಯಜಮಾನರ ಕಟ್ಟಳೆಯಲ್ಲಿ ಅದು ಇರಲಿಲ್ಲ.

"ಈ ವಾಸಂತಿ ನೀವೇ ಅಲ್ಲವೇನಮ್ಮಾ?" ಜಡ್ಜರು ಮೆತ್ತಗೆ ಕೇಳಿದರು.

"ನಾನೇ ಅಯ್ಯಾ" ಎಂದಳು ಅವಳು. ಕಣ್ಣಿಂದ ನೀರು ಕಂದು ಕಾಗದದ ಮೇಲೆ ಬಿತ್ತು, ಸೆರಗಿನಲ್ಲಿ ಒರೆಸಿದಳು. "ಅವರು ಕಾಯ್ತಾ ಇದ್ದರು. ನಾನು ಕೇಳಬೇಕಿತ್ತು."