ನಲವತ್ತರ ಮೇಲಿನ ಆಡುಗಳು

"ತಿನ್ನೋ, ತಿನ್ನು! ಸತ್ತಿದ್ದನ್ನ ತಿನ್ನೋದು ನಿಮ್ಮೋರಿಗೇನು ಹೊಸದಾ? ಹೆಗಲ ಮೇಲೆ ಹಾಕ್ಕೊಂಡ್ ಹೋಗು ಒಂದನ್ನ!"

ರಮೇಶ್ ಸತ್ತ ಆಡಿನ ಹೊಟ್ಟೆಯನ್ನು ಬೂಟಿನ ತುದಿಯಿಂದ ತಿವಿದ. ಅದು ಉಬ್ಬಿಕೊಂಡಿತ್ತು. ಅದರಾಚೆ ಓಕ್ ಮರಗಳ ಬುಡದಲ್ಲಿ ಇನ್ನೂ ಆರು ಕಾಲು ಚಾಚಿಕೊಂಡು ಬಿದ್ದಿದ್ದವು. ರಾಚಯ್ಯ ಕುಡುಗೋಲನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತಿದ್ದ. ಆ ಮಾತಿಗೆ ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬಾಯಲ್ಲಿ ನೀರು. ಮಾಂಸ ಮುಟ್ಟದ ರಮೇಶನ ಮನೆಯ ಗರಾಜಿನಲ್ಲಿ ಮಲಗಿ, ಅವರು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಟ್ಟ ತಂಗಳು ತಿಂದುಕೊಂಡು ಎರಡು ಚಳಿಗಾಲ ಕಳೆದಿದ್ದ. ಆ ನೀರನ್ನು ನುಂಗಿದ. ನುಂಗಿದ್ದಕ್ಕೆ ನಾಚಿಕೆಯಾಗಿ ನೆಲ ನೋಡಿದ. ಇಂಥ ಬಾಯಿಗೆ ಬೆಂಕಿ ಬೀಳಲಿ ಅಂದುಕೊಂಡ.

"ಯಾವ ಮರದ ಸೊಪ್ಪೋ ಹಾಕಿದ್ದು?"

"ಅಗೋ, ಆ ಕಾಡು ಚೆರ್ರಿದು ಬುದ್ದಿ. ನೆನ್ನೆ ಕುಯ್ದು ಹಾಕ್ದೆ. ಹಸ್ಕಂಡು ಅರಚ್ತಿದ್ದೊ. ಊರಲ್ಲಿ ನಾವು ಸೊಪ್ಪು ಕಡ್ದೇ ಅಲ್ವಾ ಆಡು ಸಾಕ್ತಿದ್ದುದ್ದು..."

"ಊರಂತೆ ಊರು! ಡಾಕ್ಟ್ರಿಗೆ ಫೋನ್ ಮಾಡಿ ಕೇಳಿದೀನಿ. ಬಾಡಿದ ಚೆರ್ರಿ ಎಲೆ ವಿಷ ಕಣೋ, ಪ್ಯೂರ್ ಪಾಯ್ಸನ್. ನೀನೇ ಕೊಂದಿದೀಯ, ಬೇವರ್ಸಿ."

ಸುಳ್ಳಲ್ಲ, ತಾನೇ ಕೊಂದದ್ದು. ಹುಟ್ಟಿದಾಗಿನಿಂದ ಆಡಿನ ಜೊತೆಗೇ ಬೆಳೆದವನು, ಈ ನೆಲದ ಒಂದು ಮರದ ಗುಣ ತಿಳಿಯದೆ ಕೈಯಾರೆ ವಿಷ ಹಾಕಿದ್ದ. ತಾಯಾಡು ಸತ್ತ ಮೇಲೆ ಗರಾಜಿನಲ್ಲಿ ಬಾಟಲಿ ಹಾಲು ಕುಡಿಸಿ ಉಳಿಸಿಕೊಂಡಿದ್ದ ಬಿಳಿಕಿವಿಯ ಮರಿಯೂ ಆ ಸಾಲಿನಲ್ಲಿತ್ತು.

ರಮೇಶ್ ತಿಂಗಳಿಗೊಮ್ಮೆ ಟ್ರಾಯ್‌ನ ದೇವಸ್ಥಾನಕ್ಕೆ ಹೋಗಿ ಅಡ್ಡಬಿದ್ದು ಬರುವ, ಸೋಮವಾರ ಒಪ್ಪೊತ್ತು ಮಾಡುವ ಮನುಷ್ಯ. ಪ್ಲಿಮತ್‌ನ ಕಾರಿನ ಬಿಡಿಭಾಗದ ಆಫೀಸಿನವರು ಕೆಲಸದಿಂದ ತೆಗೆದ ಮೇಲೆ ಆಡಿನ ವ್ಯಾಪಾರಕ್ಕಿಳಿದ. ನಂಜನಗೂಡಿನ ಕಡೆ ತನ್ನಪ್ಪನ ಜಮೀನಿನಲ್ಲಿ ಜೀತಕ್ಕಿದ್ದವನ ಮಗ ರಾಚಯ್ಯನನ್ನು, ಅಡುಗೆಯವನೆಂದು ವೀಸಾ ಮಾಡಿಸಿ ಈ ದೇಶಕ್ಕೆ ಕರೆಸಿಕೊಂಡ. ಅಡುಗೆಮನೆಯ ಬಾಗಿಲು ಮಾತ್ರ ದಾಟಿಸಲಿಲ್ಲ.

ಆನ್ ಆರ್ಬರ್ ಕಡೆಯ ಈ ಓಕ್ ತೋಪು ಮರ ಕಾಯುವ ಒಂದು ಸಂಸ್ಥೆಯದು. ಮುಳ್ಳುಪೊದೆ ಮೇಯಲಿ ಅಂತ ರಮೇಶನ ಆಡು ಬಿಡಿಸಿದ್ದರು. ಇರಬೇಕಾದದ್ದು ನಲವತ್ತೇ. ಒಂದು ಕಡೆ ಮೇಯಿಸಿದ ಮೇಲೆ ತಂತಿಬಲೆ ಎತ್ತಿ ಮುಂದಕ್ಕೆ ಹೋಗಬೇಕು, ಮೇದ ಜಾಗ ಚಿಗುರುವ ತನಕ ತಿರುಗಿ ಬರಬಾರದು, ಓಕ್ ತೊಗಟೆಗೆ ಆಡಿನ ಬಾಯಿ ಬೀಳಬಾರದು. ರಮೇಶ್ ಡಿಸೆಂಬರಿನ ಬಕ್ರೀದಿಗೆ ಮಾರಲೆಂದು ಅದೇ ತೋಪಿಗೆ ತೊಂಬತ್ತು ತಂದು ತುಂಬಿದ. ಪೊದೆ ಹೋಯಿತು, ಹುಲ್ಲು ಹೋಯಿತು, ಮಣ್ಣು ಕಂಡಿತು. ಇನ್ನು ಉಳಿದದ್ದು ತೊಗಟೆ. ಅದಕ್ಕೆ ಬಾಯಿ ಹಾಕದಂತೆ ನೋಡಿಕೋ, ಹೇಗಾದರೂ ಮಾಡು ಅಂದಿದ್ದ. ರಾಚಯ್ಯ ಹೇಗಾದರೂ ಮಾಡಿದ್ದ.

"ಮೂರು ಗಂಟೆಗೆ ಅವ್ಳು ಬರ್ತಾಳೆ, ಸಂಸ್ಥೆಯವಳು. ಎಕ್ಸ್‌ಟ್ರಾ ಇರೋವ್ನ ಟ್ರೈಲರ್‌ಗೆ ತುಂಬು. ಸತ್ತಿರೋವ್ನೂ ಅದ್ರೊಳಗೇ ಎಸಿ. ಮಣ್ಣು ತೋಡಿದ್ರೆ ಕಾಣತ್ತೆ."

"ಬದುಕಿರವು ಜೊತೆಗಾ ಬುದ್ದಿ? ಈ ಬಿಸ್ಲಲ್ಲಿ..."

"ನೈಂಟಿ ಫೋರ್ ಡಿಗ್ರಿ ಅಂತ ನಂಗೂ ಗೊತ್ತು, ಮುಚ್ಕೊಂಡ್ ಮಾಡು. ನಿನ್ ವೀಸಾ ಮುಗಿದಿದೆ. ಒಂದು ಫೋನ್ ಸಾಕು ನಿನ್ನ ಒಳಗ್ ಹಾಕ್ಸೋಕೆ."

ರಾಚಯ್ಯ ತುಂಬಿದ. ಇದೇನು ಮೊದಲ ಸಲವಲ್ಲ. ಅವಳು ಬಂದಾಗಲೆಲ್ಲ ಅವನೇ ಕೊಂಬು ಹಿಡಿದು, ಮೊಣಕಾಲಿನಿಂದ ಒದ್ದು ತುಂಬಿ, ಟ್ರೈಲರನ್ನು ದಿಬ್ಬದ ಮರೆಯಲ್ಲಿ ನಿಲ್ಲಿಸಿ ಕಾಯುತ್ತಿದ್ದ. ಈಗ ಸತ್ತವನ್ನು ಕಾಲು ಹಿಡಿದು ಮೇಲಕ್ಕೆಸೆದ. ಬದುಕಿದ್ದವಕ್ಕೆ ಸರಿಯಲು ಜಾಗವಿರಲಿಲ್ಲ. ಬಿಳಿಕಿವಿಯ ಮರಿಯ ಮೇಲೆಯೇ ಕಾಲಿಟ್ಟು ನಿಂತವು. ಅವನು ಬಾಗಿಲು ಹಾಕಿ ಅಗಳಿ ಜಡಿದ.

ಸಂಸ್ಥೆಯ ಹೆಂಗಸು ಹೇಳಿದ ಹೊತ್ತಿಗೆ ಬಂದಳು. ಬರಿ ನೆಲ ನೋಡಿ ಹುಬ್ಬು ಗಂಟಿಕ್ಕಿದಳು. ಮಳೆಯೇ ಇಲ್ಲವಲ್ಲ ಅಂತ ರಮೇಶ್ ಆಕಾಶ ತೋರಿಸಿ ನಕ್ಕ. ಎದುರಿಗಿದ್ದವು ನಲವತ್ತೇ, ತೊಗಟೆಯೂ ನೆಟ್ಟಗಿತ್ತು. ಅವಳಿಗೆ ಸಮಾಧಾನವಾಯಿತು. ರಾಚಯ್ಯನ ಬಳಿಗೆ ಬಂದು ಕೈ ಚಾಚಿ, "ಗುಡ್ ಜಾಬ್" ಅಂದಳು.

ಈ ದೇಶಕ್ಕೆ ಬಂದ ಮೇಲೆ ಯಾರೂ ಅವನ ಕೈ ಮುಟ್ಟಿರಲಿಲ್ಲ. ಕೈಗೆ ಸತ್ತ ಆಡಿನ ಜೊಲ್ಲು ಅಂಟಿತ್ತು. ಅವನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ, ಆದರೂ ಚಾಚಲಾಗಲಿಲ್ಲ. ರಮೇಶ್ ಬೈದಿದ್ದಾಗ ತಡೆದುಕೊಂಡಿದ್ದ ಮೈ ಈ ಹೊಗಳಿಕೆಗೆ ಹಿಡಿಯಷ್ಟಾಗಿ ಕುಗ್ಗಿಹೋಯಿತು. ಹೆಂಗಸು ಇನ್ನೂ ನಗುತ್ತ ನಿಂತಿದ್ದಳು. ದಿಬ್ಬದಾಚೆ ಅಷ್ಟು ಹೊತ್ತು ಸಣ್ಣಗೆ ಕೇಳುತ್ತಿದ್ದ ಅರಚಾಟ ನಿಂತಿತ್ತು.

ರಾಚಯ್ಯ ತಿರುಗಿ ನಡೆದ.

"ಎಲ್ಲಿಗೋ?" ರಮೇಶ್ ಕೂಗಿದ. "ಲೇ, ಎಲ್ಲಿಗೋ ಹೋಗ್ತಿದೀಯ?"

ಟ್ರೈಲರಿನ ಅಗಳಿ ಕಾದು ಕೆಂಡವಾಗಿತ್ತು. ಎಳೆದ. ಆಡುಗಳು ಒಂದರ ಮೇಲೊಂದು ಉರುಳಿಕೊಂಡು ಹೊರಗೆ ಬಿದ್ದವು. ಎದ್ದವು ಎಲ್ಲಿಗೂ ಓಡಿಹೋಗಲಿಲ್ಲ. ಹೆಂಗಸಿನ ಪಕ್ಕದ ಓಕ್ ಮರಕ್ಕೇ ಮುತ್ತಿ, ಹಿಂಗಾಲ ಮೇಲೆ ನಿಂತು, ತೊಗಟೆಗೆ ಹಲ್ಲು ಹಾಕಿ ಪಟ್ಟೆ ಪಟ್ಟೆಯಾಗಿ ಸೀಳತೊಡಗಿದವು. ಹೊರಗಿದ್ದ ನಲವತ್ತೂ ಅವುಗಳ ಜೊತೆ ಸೇರಿಕೊಂಡವು.

"ಹಿಡ್ಯೋ! ಹೊಡ್ದು ಓಡ್ಸೋ, ಬೋಳಿಮಗನೆ!"

ರಾಚಯ್ಯ ಓಡಿಸಲಿಲ್ಲ. ಟ್ರೈಲರಿನೊಳಗೆ ಬಗ್ಗಿ ನೋಡಿದ. ತಾನು ಎಸೆದಿದ್ದಕ್ಕಿಂತ ಹೆಚ್ಚೇ ಸತ್ತು ಬಿದ್ದಿದ್ದವು. ಒಂದೊಂದನ್ನೇ ಕಾಲು ಹಿಡಿದು ಎಳೆದುಕೊಂಡು ಬಂದು ಹೆಂಗಸಿನ ಮುಂದೆ ಮಲಗಿಸಿದ. ತಲೆ ಎತ್ತಿ ಅವಳ ಮುಖ ನೋಡಲು ಅವನಿಗೆ ಆಗಲಿಲ್ಲ.

"ಇವು ನಾನ್ ಕೊಂದವು," ಎದೆ ಮುಟ್ಟಿ ತೋರಿಸಿಕೊಂಡು ಅಂದ. "ಒಳ್ಗೆ ಇನ್ನೂ ಅವೆ. ಎಣಿಸ್ಕೊ ತಾಯಿ, ಪೂರಾ ಎಣಿಸ್ಕೊ."