ಮಾತೆಯ ಎಡಗಣ್ಣು

ಶಿಕಾರಿಪುರದ ಉಚ್ಚಂಗಪ್ಪನಿಗೆ ಹೊಟ್ಟೆಕಿಚ್ಚು ಹತ್ತಿತೆಂದರೆ ಊಟ ಸೇರುತ್ತಿರಲಿಲ್ಲ. ಈ ಸಲ ಮೂರು ದಿನದಿಂದ ಸೇರಿರಲಿಲ್ಲ. ಸೊರಬದ ಹಳೆಯ ಹೆಂಚಿನ ಚರ್ಚನ್ನು ಕೆಡವಿ ಹೊಸದು ಕಟ್ಟಿದ್ದರು. ಹಳೆಯ ಚರ್ಚಿನ ಮೇರಿ ಮಾತೆಯನ್ನು ಇಪ್ಪತ್ತೆಂಟು ವರ್ಷದ ಹಿಂದೆ ಸಿಮೆಂಟಿನಲ್ಲಿ ಮಾಡಿದವನು ಅವನು. ಹೊಸ ಮಾತೆಗೆ ಕರೆದದ್ದು ಅವನ ಶಿಷ್ಯ ಲೋಕೇಶನನ್ನು. ಗೋಪುರದ ಗೊಂಬೆಗೆ ನೆಟ್ಟಗೆ ಮೂಗು ಇಡಲು ಬಾರದವನಿಗೆ ಕೈ ಹಿಡಿದು ಕಲಿಸಿದ್ದು ಇದಕ್ಕೇನಾ?

ಆದರೂ ಪದ್ಧತಿ ಬಿಡುವಂತಿಲ್ಲ. ಮೂರ್ತಿ ಯಾವ ದೇವರದ್ದೇ ಇರಲಿ, ಕಣ್ಣು ಬರೆಯುವುದು ಕೊನೆಗೆ, ಅದೂ ಗುರುವಿನ ಕೈಯಲ್ಲಿ. ಬರೆದ ಮೇಲೆ ತೆರೆ ಎಳೆದರೆ ಉದ್ಘಾಟನೆಯ ತನಕ ಯಾರೂ ನೋಡಬಾರದು. ಲೋಕೇಶ ಫೋನು ಮಾಡಿ ಕರೆದ, ಉಚ್ಚಂಗಪ್ಪ ಬಸ್ಸು ಹತ್ತಿದ.

ಒಳಗೆ ಕಾಲಿಟ್ಟ ಕೂಡಲೇ ಕಿಚ್ಚು ಇಮ್ಮಡಿಸಿತು. ಹಿಂದೆಲ್ಲ ಮುಂದಿನ ನಾಲ್ಕು ಕುರ್ಚಿ ದೊಡ್ಡ ಮನೆಯವರಿಗೆ, ಉಳಿದವರಿಗೆ ಚಾಪೆ. ಕೂಲಿಯವರು ಬಾಗಿಲಲ್ಲೇ ನಿಲ್ಲುತ್ತಿದ್ದರು. ಈಗ ಅಡ್ಡಕ್ಕೊಂದು ಕಂಬವಿಲ್ಲ, ಎಲ್ಲರಿಗೂ ಒಂದೇ ಬೆಂಚು. ಅವನು ಮಾಡಿದ್ದ ಮಾತೆ ಜರಿಸೀರೆಯುಟ್ಟು, ಕಿರೀಟ ತೊಟ್ಟು, ಎತ್ತರದಲ್ಲಿ ನಿಂತು ಎಲ್ಲರ ತಲೆಯ ಮೇಲಿಂದ ನೋಡುತ್ತಿದ್ದಳು. ಲೋಕೇಶನ ಮಾತೆ ಆಳೆತ್ತರದವಳು. ನೂಲಿನ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಂಕುಳಲ್ಲಿ ಮಗು.

“ಈಗಿನ ಜನ, ರಾಣಿ ಥರ ಬ್ಯಾಡ, ನಮ್ಮನೆ ಹೆಣ್ಮಗಳ ಥರ ಇರ್ಲಿ ಅಂದ್ರು ಗುರುಗಳೇ,” ಎಂದ ಲೋಕೇಶ.

ಚೆನ್ನಾಗಿತ್ತು. ತನ್ನದಕ್ಕಿಂತ ಚೆನ್ನಾಗಿತ್ತು, ಸಂಕಟ ಅದೇ.

ಲೋಕೇಶ ಟೀ ತರಲು ಹೋದಾಗ ಉಚ್ಚಂಗಪ್ಪ ಕುಂಚ ಹಿಡಿದ. ಬಲಗಣ್ಣು ನೆಟ್ಟಗೆ ಬರೆದ. ಎಡಗಣ್ಣಿನ ಪಾಪೆಯನ್ನು ಬೇಕೆಂದೇ ಅಕ್ಕಿಕಾಳಿನಷ್ಟು ಪಕ್ಕಕ್ಕೆ ಸರಿಸಿದ. ಕಣ್ಣು ಬರೆದವರು ಯಾರೆಂದು ಊರಿಗೇನು ಗೊತ್ತು? ಮೆಳ್ಳಗಣ್ಣಿನ ಮಾತೆಯನ್ನು ಮಾಡಿದವನೆಂದು ಲೋಕೇಶನನ್ನು ನೋಡಿ ನಗಲಿ! ತೆರೆ ಎಳೆದು ಕೈ ತೊಳೆದುಕೊಂಡ.

ಉದ್ಘಾಟನೆಯ ದಿನ ತೆರೆ ಸರಿಯಿತು. ಉಚ್ಚಂಗಪ್ಪ ನಗುವಿಗೆ ಕಾದ. ಕೊನೆಯ ಬೆಂಚಿನಲ್ಲಿ ಗದ್ದೆ ಕೂಲಿಯ ಹುಲಿಯಮ್ಮ ಕೂತಿದ್ದಳು. ಚರ್ಚಿನವಳಲ್ಲದಿದ್ದರೂ ಹರಕೆಯ ಮೇಣದಬತ್ತಿ ಹಚ್ಚಲು ಬರುವವಳು.

“ಅಯ್ಯೋ ನೋಡ್ರೇ, ಮೂಲೇಲಿ ಕೂತಿರೋ ನನ್ನೇ ನೋಡ್ತಾಳಲ್ರೇ ತಾಯಿ!” ಎಂದು ಕೂಗಿದಳು.

ಜನ ತಿರುಗಿ ನೋಡಿ ಹೌದೆಂದರು. ಯಾವಾಗಲೂ ಮುಂದೆ ಕೂರುವವರೂ ಎದ್ದು ಆ ಮೂಲೆಗೆ ಬಂದರು. ಫಾದರ್ ಮೈಕಿನಲ್ಲಿ ಲೋಕೇಶನ ಕೈಗುಣ ಹೊಗಳಿ ಶಾಲು ಹೊದಿಸಿದರು.

‘ಆ ಕಣ್ಣು ನನ್ನದು’ ಎನ್ನಲು ಉಚ್ಚಂಗಪ್ಪ ಬಾಯಿ ತೆರೆದ. ಯಾಕೆ ಹಾಗೆ ಬರೆದೆ ಎಂದು ಕೇಳಿದರೆ? ಬಾಯಿ ಮುಚ್ಚಿಕೊಂಡ.

ಲೋಕೇಶ ಶಾಲು ಹಿಡಿದು ಓಡಿಬಂದ. “ಕಣ್ಣು ನೀವು ಬರ್ದಿದ್ದು ಅಂತ ಹೇಳೋಕೂ ಫಾದರ್ ಬಿಡ್ಲಿಲ್ಲ ಗುರುಗಳೇ. ಆ ಎಡಗಣ್ಣು ಹೆಂಗ್ ಬರ್ದ್ರಿ? ನಂಗೂ ಕಲಿಸ್ರೀ.”

ಮುಖದಲ್ಲಿ ಗೇಲಿಯ ಸುಳಿವಿರಲಿಲ್ಲ. ಬೈದಿದ್ದರೂ ಉಚ್ಚಂಗಪ್ಪನಿಗೆ ಅಷ್ಟು ನೋಯುತ್ತಿರಲಿಲ್ಲ.

“ಬೇಕಂತ ಬರ್ದಿದ್ದಲ್ಲೋ,” ಎಂದ. “ಕೈ ನಡುಗ್ತು.”

ಕಣ್ಣು ಬರೆಯುವವನ ಬಾಯಲ್ಲಿ ಆ ಮಾತು ಬಂದ ಮೇಲೆ ಅವನು ಮತ್ತೆ ಕುಂಚ ಮುಟ್ಟುವಂತಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

“ಇನ್ಮೇಲೆ ಕಣ್ಣೂ ನೀನೇ ಬರಿ,” ಎಂದು ಉಚ್ಚಂಗಪ್ಪ ಬಸ್‌ಸ್ಟ್ಯಾಂಡಿನ ಕಡೆ ನಡೆದ.